ಮಗ್ಗದ ಕುಣಿಯಲ್ಲಿ ವಿಮಾನ

ಈರಣ್ಣ ಕಾಕಾ ಯುದ್ಧವಿಮಾನ ಹಾರಿಸುತ್ತಿದ್ದದ್ದು ನೆಲದೊಳಗೆ ಕಾಲು ಇಳಿಬಿಟ್ಟುಕೊಂಡು. ಗುಳೇದಗುಡ್ಡದ ಅವರ ಮನೆಯ ಪಡಸಾಲೆಯಲ್ಲಿ ಎರಡು ಕುಣಿಮಗ್ಗಗಳಿದ್ದವು. ಮೊಣಕಾಲಾಳದ ಕುಣಿ, ಅದರ ಅಂಚಿಗೊಂದು ಉದ್ದ ಹಲಗೆ. ನೇಕಾರ ಹಲಗೆಯ ಮೇಲೆ ಕೂತು, ಕುಣಿಯೊಳಗಿನ ಪಟ್ಟಿಗಳನ್ನು ತುಳಿಯುತ್ತ ಕೈಯಿಂದ ಲಾಳಿ ಓಡಿಸಬೇಕು. ಒಂದು ಮಗ್ಗದಲ್ಲಿ ಕುಪ್ಪಸದ ಖಣ ಹುಟ್ಟುತ್ತಿತ್ತು. ಇನ್ನೊಂದರಲ್ಲಿ ಒಂದೆಳೆ ನೂಲೂ ಇರಲಿಲ್ಲ. ನೇಯ್ದ ಅರಿವೆ ಇರಬೇಕಾದ ಕಡೆ ಕಂಪ್ಯೂಟರಿನ ಪರದೆ, ಎರಡು ಮೊಣಕಾಲುಗಳ ನಡುವೆ ಜಾಯ್‌ಸ್ಟಿಕ್, ಕಾಲ ಕೆಳಗಿನ ಪಟ್ಟಿಗಳಿಗೆ ವೈರು. ಎಡಪಟ್ಟಿ ತುಳಿದರೆ ವಿಮಾನದ ಮೂತಿ ಎಡಕ್ಕೆ, ಬಲಪಟ್ಟಿ ತುಳಿದರೆ ಬಲಕ್ಕೆ. ಹಣೆಗೆ ವಿಭೂತಿ ಹಚ್ಚಿ, ಧೋತರವನ್ನು ಮೊಣಕಾಲ ಮೇಲೆ ಎತ್ತಿ ಕಟ್ಟಿದ ಅರವತ್ತೈದರ ಮನುಷ್ಯ ಯಾವುದೋ ದೇಶದ ಸಮುದ್ರದ ಮೇಲೆ ಹಾರುವುದನ್ನು ಮೊದಲ ಸಲ ಕಂಡಾಗ ನನಗೆ ನಗು ಬಂದಿತ್ತು. ಆ ನಗುವಿಗೆ ಇವತ್ತಿಗೂ ನಾಚಿಕೆಪಡುತ್ತೇನೆ.

ಅದನ್ನೆಲ್ಲ ಕಟ್ಟಿದವನು ಅವರ ಒಬ್ಬನೇ ಮಗ ಮಂಜು. ಐಟಿಐ ಕಲಿತು ಮೋಟಾರು ರಿಪೇರಿ ಮಾಡುತ್ತಿದ್ದ. ಬಸ್‌ಸ್ಟ್ಯಾಂಡಿನ ಹಿಂದಿರುವ ನನ್ನ ಕಂಪ್ಯೂಟರ್ ಅಂಗಡಿಗೆ ವಾರಕ್ಕೆರಡು ಸಲ ಬಂದು, "ಅಕ್ಕಾ, ಈ ವೈರ್ ಐತೇನು, ಆ ಪಿನ್ ಐತೇನು" ಎಂದು ತಲೆ ತಿನ್ನುತ್ತಿದ್ದ. ಒಂದು ದಿನ ಇಳಕಲ್ಲಿಗೆ ಹೋಗಿ ವಾಪಸು ಬರುವಾಗ ಅಮೀನಗಡ ದಾಟಿದ ಮೇಲೆ ಅವನ ಬೈಕು ಜಾರಿತು. ಇಪ್ಪತ್ತಾರು ವರ್ಷ. ಅವನು ಹೋದ ಎರಡು ತಿಂಗಳಿಗೆ ಕಾಕಾ ನನ್ನ ಅಂಗಡಿಗೆ ಬಂದರು. ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು, ಗುಡಿಯೊಳಗೆ ಬಂದವರ ಹಾಗೆ ನಿಂತು ಕೇಳಿದರು.

"ಯವ್ವಾ, ನಮ್ಮ ಹುಡುಗನ ಇಮಾನ ಚಾಲೂ ಮಾಡೂದು ಹೆಂಗಂತ ತೋರಸ್ತೀಯೇನ?"

ತೋರಿಸಿದೆ. ಒಂದು ವಾರ ಸಾಲಿ ಹುಡುಗರ ಹಾಗೆ ಕಲಿತರು. ಆಮೇಲೆ ದಿನಾ ನಾಲ್ಕು ಗಂಟೆಗೆ ನೇಯುವ ಮಗ್ಗದಿಂದ ಎದ್ದು, ಕೈಕಾಲು ತೊಳೆದು, ಹೆಂಡತಿ ಪಾರ್ವತಿ ಕಾಕು ಕೊಟ್ಟ ಚಹಾ ಕುಡಿದು ಮಗನ ಮಗ್ಗಕ್ಕೆ ಇಳಿಯುತ್ತಿದ್ದರು. ಒಂದು ತಾಸು. ಹೆಚ್ಚಿಲ್ಲ, ಕಡಿಮೆಯಿಲ್ಲ. ಹಲಗೆಯ ಬಲತುದಿಗೆ ಒತ್ತರಿಸಿ ಕೂಡುತ್ತಿದ್ದರು. ಎಡಕ್ಕೆ ಅರ್ಧ ಹಲಗೆ ಖಾಲಿ. ಪರದೆ ಸೊಟ್ಟ ಕಾಣುತ್ತದೆ, ನಡುವೆ ಕೂತುಕೊಳ್ಳಿ ಎಂದು ನಾನು ಒಮ್ಮೆ ಹೇಳಿದೆ.

"ಮಂಜಗ ನೇಯೂದು ಕಲಸೂ ಮುಂದ ಹಿಂಗ ಕುಂಡ್ರತಿದ್ನಿ. ನಾ ಬಲಕ್ಕ, ಅಂವ ಎಡಕ್ಕ. ರೂಢಿ ಬಿಡಂಗಿಲ್ಲ" ಎಂದರು.

ಕೈಯ ವಿಷಯದಲ್ಲಿ ಕಾಕಾರಷ್ಟು ಸೂಕ್ಷ್ಮ ಮನುಷ್ಯರನ್ನು ನಾನು ನೋಡಿಲ್ಲ. ಒಂದು ಸಲ ಟ್ರಂಕಿನಿಂದ ಮಾರದೆ ಇಟ್ಟಿದ್ದ ಖಣವೊಂದನ್ನು ತೆಗೆದು ನನ್ನ ತೊಡೆಯ ಮೇಲೆ ಹರವಿದರು. ಕಣ್ಣು ಮುಚ್ಚಿ ಅರಿವೆಯ ಮೇಲೆ ಬೆರಳು ಓಡಿಸಿ, "ಇಲ್ಲೀತನಕ ನಂದು. ಇಲ್ಲಿಂದ ನಾಕು ಬೆರಳ ಮಂಜಂದು. ಮತ್ತ ಇಲ್ಲಿಂದ ನಂದು" ಎಂದರು. ನಾನು ಬೆಳಕಿಗೆ ಹಿಡಿದು ನೋಡಿದೆ, ಚಷ್ಮಾ ಒರೆಸಿಕೊಂಡು ನೋಡಿದೆ. ಎಲ್ಲ ಒಂದೇ. ನಡುವೆ ಒಂದು ದಾರದಷ್ಟೂ ಗುರುತಿಲ್ಲ. ನನ್ನ ಮುಖ ನೋಡಿ ಕಾಕಾ ನಕ್ಕರು. "ನಿನ್ನ ಕಣ್ಣ ಕಂಪ್ಯೂಟರ್ ತಿಂದ್ ಹಾಕೇತಿ" ಎಂದರು.

ಆಟವೇನೋ ಯುದ್ಧದ್ದು. ಕಾಕಾ ಮಾತ್ರ ಬೇಕೆಂದು ಒಂದು ಗುಂಡೂ ಹಾರಿಸಲಿಲ್ಲ. ಒಮ್ಮೆ ಎದುರಿಗೆ ವೈರಿಯ ವಿಮಾನ ಬಂದಾಗ ತಪ್ಪಿ ಬೆರಳು ಒತ್ತಿ, ಬಂದೂಕು ಧಡಧಡ ಸಿಡಿದದ್ದಕ್ಕೆ ಬೆಚ್ಚಿ, ಮರುದಿನವೇ ನನ್ನನ್ನು ಕರೆಸಿದರು.

"ಆ ಗುಂಡಿ ಮೊದಲ ತಗದ ಹಾಕು. ಅದರಾಗ ಯಾರ ಮಗಾ ಕುಂತಾನೋ ಏನೋ."

"ಕಾಕಾ, ಅದು ಆಟ ರೀ. ಅದರಾಗ ಯಾರೂ ಇರಂಗಿಲ್ರಿ."

"ಇರಲಿ ಬಿಡ. ನೀ ಗುಂಡಿ ಅಷ್ಟ ಬದಲ ಮಾಡು. ಹಿಡಿಕಿಗೆ ಮಾತ್ರ ಕೈ ಹಚ್ಚಬ್ಯಾಡ ಮತ್ತ."

ಜಾಯ್‌ಸ್ಟಿಕ್‌ಗೆ ಅವರು ಹಿಡಿಕಿ ಎನ್ನುತ್ತಿದ್ದರು. ನಾನು ತಮಾಷೆಗೆ ಬಂದೂಕಿನ ಗುಂಡಿಗೆ ಗಾಲಿ ಇಳಿಸುವ ಕೆಲಸ ಹಚ್ಚಿಕೊಟ್ಟೆ. ಅಂದಿನಿಂದ ವೈರಿ ಎದುರಾದಾಗಲೆಲ್ಲ ಕಾಕಾರ ವಿಮಾನ ಗಾಲಿ ಇಳಿಬಿಟ್ಟುಕೊಂಡು ಬೀಗರನ್ನು ಎದುರುಗೊಳ್ಳಲು ಹೊರಟಂತೆ ಹೋಗುತ್ತಿತ್ತು. ದಿನಾ ಹೊಡೆತ ತಿಂದು ಸಮುದ್ರಕ್ಕೆ ಬೀಳುವುದು. "ಹೋತು ಬಿಡು, ನಾಳಿ ಮತ್ತ ಏರಿದ್ರಾತು" ಎನ್ನುವರು. ಆದರೆ ವಿಮಾನ ಕೆಳಗೆ ಬೀಳುವಷ್ಟು ಹೊತ್ತೂ ಕಣ್ಣು ಮುಚ್ಚಿಕೊಂಡಿರುತ್ತಿದ್ದರು. ಅದನ್ನು ಕಂಡ ಮೇಲೆ ನಾನು ತಮಾಷೆ ಬಿಟ್ಟೆ.

ಹಿಡಿಕಿಗೆ ಕೈ ಹಚ್ಚಬೇಡ ಎಂದದ್ದಕ್ಕೆ ಕಾರಣವಿತ್ತು. ಜಾಯ್‌ಸ್ಟಿಕ್ ಎಷ್ಟು ಬಾಗಿದರೆ ವಿಮಾನ ಎಷ್ಟು ಹೊರಳಬೇಕು ಎಂಬುದನ್ನು ಆಟದ ಸೆಟ್ಟಿಂಗಿನಲ್ಲಿ ಒಂದು ಗೆರೆಯಾಗಿ ಬರೆದಿಡಬಹುದು. ಗೆರೆ ನೆಟ್ಟಗಿದ್ದರೆ ಎಲ್ಲ ಕಡೆ ಒಂದೇ ಸಮ. ಬಾಗಿಸಿದರೆ ಕೆಲವು ಕಡೆ ಮೆತ್ತಗೆ, ಕೆಲವು ಕಡೆ ಬಿರುಸು. ಆಡುವವರು ತಮ್ಮ ಕೈಗೆ ಹೊಂದುವ ಹಾಗೆ ತಿಂಗಳುಗಟ್ಟಲೆ ತಿದ್ದುತ್ತಾರೆ. ಮಂಜು ತಿದ್ದಿದ್ದ. ಕಾಕಾಗೆ ಗೆರೆಯೂ ಗೊತ್ತಿಲ್ಲ, ಸೆಟ್ಟಿಂಗೂ ಗೊತ್ತಿಲ್ಲ. ಮೊದಲ ದಿನ ಜಾಯ್‌ಸ್ಟಿಕ್ ಹಿಡಿದು ಎರಡು ಸಲ ಆಚೀಚೆ ಬಾಗಿಸಿ, ಮೈ ಝುಂ ಅಂದವರಂತೆ ಕೈ ಹಿಂದಕ್ಕೆ ಎಳೆದುಕೊಂಡು ಅವರು ಹೇಳಿದ್ದು ಒಂದೇ ಮಾತು.

"ಇದರಾಗ ಅವನ ಕೈ ಐತಿ."

ಆ ಕೈಯನ್ನು ಅಳಿಸಿದವಳು ನಾನು.

ಅದೊಂದು ಮಳೆಗಾಲದಲ್ಲಿ ಜಾಯ್‌ಸ್ಟಿಕ್ ಕೆಲಸ ಮಾಡುತ್ತಿಲ್ಲ ಎಂದು ಕಾಕಾ ಹೇಳಿ ಕಳಿಸಿದರು. ಅಂಗಡಿಯಲ್ಲಿ ಗಿರಾಕಿಗಳು ಕಾಯುತ್ತಿದ್ದರು, ನನಗೆ ಅವಸರ. ಪಿನ್ನು ಕಿತ್ತು ಬೇರೆ ತೂತಿಗೆ ಚುಚ್ಚಿದೆ. ಆಟ ಅದನ್ನು ಹೊಸ ಯಂತ್ರವೆಂದು ತಿಳಿಯಿತು. ಹಾಳಾಗಲಿ ಎಂದು ಎಲ್ಲ ಸೆಟ್ಟಿಂಗನ್ನೂ ಮೊದಲಿನ ಸ್ಥಿತಿಗೆ ತರುವ ಗುಂಡಿ ಒತ್ತಿ, ಸೇವ್ ಮಾಡಿದೆ. ಜಾಯ್‌ಸ್ಟಿಕ್ ಚೆನ್ನಾಗಿ ಕೆಲಸ ಮಾಡಿತು. ಕಾಕಾ ಹಿಡಿದರು. ಬಾಗಿಸಿದರು. ಮತ್ತೊಮ್ಮೆ ಬಾಗಿಸಿದರು. ಪರದೆಯ ಕಡೆ ನೋಡಲೇ ಇಲ್ಲ, ತಮ್ಮ ಕೈಯನ್ನೇ ನೋಡುತ್ತಿದ್ದರು.

"ಅಂವ ಇಲ್ಲಲ್ಲ ಯವ್ವಾ ಇದರಾಗ" ಎಂದರು.

ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ನಾನು ಆಟದ ಫೋಲ್ಡರನ್ನೆಲ್ಲ ಜಾಲಾಡಿದೆ, ಹಳೆಯ ಗೆರೆ ಎಲ್ಲೂ ಸಿಗಲಿಲ್ಲ. ಮರುದಿನದಿಂದ ಮೂರು ವಾರ ದಿನಾ ನಾಲ್ಕು ಗಂಟೆಗೆ ಅಂಗಡಿಯ ಬಾಗಿಲು ಎಳೆದುಕೊಂಡು ಅವರ ಮನೆಗೆ ಹೋದೆ. ನಾನು ಗೆರೆಯನ್ನು ಒಂದಿಷ್ಟು ಬಾಗಿಸುವುದು, ಕಾಕಾ ಕಣ್ಣು ಮುಚ್ಚಿ ಹಿಡಿಯುವುದು, ತಲೆ ಅಲ್ಲಾಡಿಸುವುದು. ಅವನ ಕೈ ಹೇಗಿತ್ತು ಹೇಳಿ ಎಂದರೆ, "ಹೇಳಾಕ ಬರಂಗಿಲ್ಲ, ಹಿಡದ್ರ ತಿಳೀತೈತಿ" ಎನ್ನುವರು. ನನ್ನ ಮುಖ ಬಾಡಿದ್ದು ಕಂಡು ನಗಿಸಲು ನೋಡುವರು. "ಇದು ಬ್ಯಾಂಕಿನ ಸಾಹೇಬ್ರ ಕೈ, ಭಾಳ ವಿಚಾರ ಮಾಡತೈತಿ." ಇನ್ನೊಂದು ದಿನ, "ಇದು ಮದುಮಗನ ಕೈ, ಸುಮ್ಮಸುಮ್ಮನ ನಡಗತೈತಿ." ಅವರು ಮಾತಾಡುವಾಗಲೂ ಹಲಗೆಯ ಎಡಭಾಗ ಖಾಲಿ ಇರುತ್ತಿತ್ತು. ಅದರ ಕಡೆ ನೋಡಲು ನನಗೆ ಧೈರ್ಯವಾಗುತ್ತಿರಲಿಲ್ಲ.

ಒಂದು ದಿನ ಎದೆ ಒಡೆಯಿತು. ಕೀಬೋರ್ಡಿನ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ. "ನನ್ನಿಂದ ಆಗಂಗಿಲ್ರಿ ಕಾಕಾ. ಅವನ್ನ ಎರಡನೆ ಸಲ ನಾನ ಕಳದ್ನಿ" ಎಂದೆ. ಕಾಕಾ ನನ್ನ ತಲೆಯ ಮೇಲೆ ಕೈ ಇಟ್ಟರು. ಬೆರಳ ತುದಿಗಳು ನೂಲು ಉಜ್ಜಿ ಉಜ್ಜಿ ನುಣ್ಣಗಾಗಿದ್ದವು.

ಮರುದಿನ ಒಲ್ಲದ ಮನಸ್ಸಿನಿಂದ ಇನ್ನೊಂದು ಗೆರೆ ಎಳೆದೆ. ಮೊದಲು ಮೆತ್ತಗೆ ಶುರುವಾಗಿ, ಕೊನೆಗೆ ಬಿರುಸಾಗುವ ಗೆರೆ. ಕಾಕಾ ಹಿಡಿದು ಬಾಗಿಸಿದರು. ಮತ್ತೊಮ್ಮೆ ಬಾಗಿಸಿದರು. ಆಮೇಲೆ ಕಣ್ಣು ತೆರೆದು ಮುಖ ತುಂಬ ನಕ್ಕರು.

"ಹಾಂ, ಬಂತು ನೋಡು! ಇದ. ಇದ ಅವನ ಕೈ. ಏ ಕೇಳಿದೇನ, ಈ ಹುಡುಗಿ ಬಾಯಿ ಸೀ ಮಾಡು!"

ಕಾಕು ಸಕ್ಕರೆ ತಂದು ನನ್ನ ಬಾಯಿಗೆ ಹಾಕಿದರು. ಅವತ್ತು ನಾನು ಮೂರು ವಾರಗಳಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡೆ.

ಮುಂದಿನ ವಾರ ಹೋದಾಗ ಕಾಕಾ ಹಲಗೆಯ ನಟ್ಟನಡುವೆ ಕೂತು ಹಾರಿಸುತ್ತಿದ್ದರು. ನೋಡಿ ಖುಷಿಪಟ್ಟೆ. ಮಗನ ದುಃಖ ಕಡಿಮೆಯಾಗುತ್ತಿದೆ ಎಂದುಕೊಂಡೆ. ಮನೆಗೆ ಬಂದು ಅದನ್ನೇ ಹೆಮ್ಮೆಯಿಂದ ಹೇಳಿಕೊಂಡೆ ಕೂಡ. ಆಮೇಲಿನ ಎರಡು ವರ್ಷ ಅವರು ಒಂದು ದಿನವೂ ತಪ್ಪಿಸದೆ ನಾಲ್ಕಕ್ಕೆ ಕುಣಿಗಿಳಿದರು. ನಾನು ಹೋದಾಗಲೆಲ್ಲ ಜೋರಾಗಿ, "ಬಾರವ್ವಾ, ಮಂಜನ ಇಮಾನ ಭೇಷ್ ನಡದೈತಿ" ಎನ್ನುತ್ತಿದ್ದರು.

ಕೊನೆಯ ಸಲ ನೋಡಿದ್ದು ಬಾಗಲಕೋಟೆಯ ದವಾಖಾನೆಯಲ್ಲಿ. ಎದೆ ನೋವು. ಮಂಚದ ಮೇಲೆ ಮಲಗಿಯೂ ಕಾಲೆರಡೂ ಚಾದರದ ಕೆಳಗೆ ಒಂದಾದ ಮೇಲೊಂದು ತುಳಿಯುತ್ತಿದ್ದವು. ನಾನು ಹೊರಡಲು ಏಳುವಾಗ ನನ್ನ ಕೈ ಹಿಡಿದು, "ನೀ ಇನ್ನ ಅದನ್ನ ಮನಸ್ನಾಗ ಇಟಗೋಬ್ಯಾಡ ಯವ್ವಾ" ಎಂದರು. ಯಾವುದನ್ನು ಎಂದು ನಾನು ಕೇಳಲಿಲ್ಲ. ಮೂರನೆಯ ದಿನ ಹೋಗಿಬಿಟ್ಟರು.

ತಿಂಗಳ ಮೇಲೆ ಕಾಕು ಕರೆಸಿದರು. ಕಂಪ್ಯೂಟರನ್ನು ಒಯ್ದುಬಿಡು ಎಂದರು. "ನಾಕು ಹೊಡೀತಂದ್ರ ಆ ಕುಣ್ಯಾಗ ಪಟ್ಟಿ ತುಳಿಯೂ ಸಪ್ಪಳ ಕೇಳತೈತಿ. ಅಂಜಿಕಿ ಏನಿಲ್ಲ ನನಗ. ಆದ್ರ ಕೇಳಿದ ಕೂಡಲೆ ಚಾ ಇಡಾಕ ಏಳತೇನಿ ನೋಡು. ಅದು ತಡಕೊಳ್ಳಾಕ ಆಗವಲ್ದು."

ಅಂಗಡಿಗೆ ತಂದು, ಅಳಿಸುವ ಮೊದಲು ಒಮ್ಮೆ ಎಲ್ಲ ತೆರೆದು ನೋಡಿದೆ. ಹಾಡುಗಳ ಫೋಲ್ಡರಿನೊಳಗೆ ಮಂಜು ತನ್ನ ಸೆಟ್ಟಿಂಗಿನ ಒಂದು ಪ್ರತಿ ಇಟ್ಟಿದ್ದ. ಯಾವಾಗಲೋ ಕಂಪ್ಯೂಟರ್ ಕೆಟ್ಟಾಗ ಇರಲಿ ಎಂದು ತೆಗೆದಿಟ್ಟದ್ದಿರಬೇಕು. ಊರಿಗೆಲ್ಲ ಕಂಪ್ಯೂಟರ್ ರಿಪೇರಿ ಮಾಡುವ ನಾನು ಅವತ್ತು ಅಲ್ಲಿ ಹುಡುಕಿರಲಿಲ್ಲ. ಎರಡೂ ಗೆರೆಗಳನ್ನು ಅಕ್ಕಪಕ್ಕ ಇಟ್ಟೆ. ನನ್ನದು ಮೆತ್ತಗೆ ಶುರುವಾಗಿ ಬಿರುಸಾಗುತ್ತಿತ್ತು. ಅವನದು ಶುರುವಿಗೇ ಬಿರುಸು, ಆಮೇಲೆ ಮೆತ್ತಗೆ. ಪೂರಾ ತಿರುವುಮುರುವು. ಕುರುಡರೂ ತಪ್ಪು ತಿಳಿಯಲಾರರು.

ನಾಲ್ಕು ಬೆರಳಿನಗಲದ ಅರಿವೆಯಲ್ಲಿ ಮಗನನ್ನು ಗುರುತಿಸಿದ ಮನುಷ್ಯ. ನನ್ನ ಅಳು ನಿಲ್ಲಲಿ ಎಂದು, ಅದು ಮಗನ ಕೈ ಅಲ್ಲ ಎಂದು ಗೊತ್ತಿದ್ದೂ ಹೌದೆಂದರು. ನನಗೆ ಅನುಮಾನ ಬಾರದಿರಲಿ ಎಂದು ಎರಡು ವರ್ಷ ದಿನಾ ಆ ಪರಕೀಯ ಕೈಯನ್ನು ಹಿಡಿದು ಕೂತರು. ಪಕ್ಕದಲ್ಲಿ ಯಾರೂ ಇಲ್ಲವೆಂದು ತಿಳಿದ ಮೇಲೆ ಜಾಗ ಬಿಟ್ಟು ಯಾತಕ್ಕೆ ಕೂಡಬೇಕು? ಅದಕ್ಕೇ ನಡುವಿಗೆ ಸರಿದಿದ್ದರು. ನಾನು ಅದಕ್ಕೆ ಖುಷಿಪಟ್ಟಿದ್ದೆ. ಅಂಗಡಿಯಲ್ಲಿ ಗಿರಾಕಿ ಇದ್ದರೂ ಲೆಕ್ಕಿಸದೆ ಅತ್ತೆ.

ಮಂಜುವಿನ ಗೆರೆಯನ್ನು ಅದರ ಜಾಗಕ್ಕೆ ಹಾಕಿ, ಮರುದಿನ ಎಲ್ಲ ಸಾಮಾನನ್ನೂ ಆಟೋದಲ್ಲಿ ಹೊತ್ತುಕೊಂಡು ಮತ್ತೆ ಅವರ ಮನೆಗೆ ಹೋದೆ. ಕಾಕುಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಕೇಳಿದರು, ಎದ್ದು ಒಳಗೆ ಹೋದರು. ನಾನು ಪರದೆಯನ್ನು ಮಗ್ಗಕ್ಕೆ ಕಟ್ಟಿದೆ, ಪಟ್ಟಿಗಳಿಗೆ ವೈರು ಹಚ್ಚಿದೆ, ಕುಣಿಗಿಳಿದು, ಎಡಕ್ಕೆ ಮಂಜುವಿಗೆ ಜಾಗ ಬಿಟ್ಟು ಹಲಗೆಯ ಮೇಲೆ ಕೂತೆ. ವಿಮಾನ ಏರಿತು. ಜಾಯ್‌ಸ್ಟಿಕ್‌ಗೆ ಬೆರಳು ಸೋಕಿದ್ದೇ ತಡ ರಪ್ಪನೆ ಮಗ್ಗುಲಾಯಿತು, ಆಮೇಲೆ ತಾನೇ ಮೆತ್ತಗಾಯಿತು. ನನ್ನ ಮೈ ಝುಂ ಎಂದಿತು. ಅಂಗಡಿಗೆ ನುಗ್ಗಿ ಅಕ್ಕಾ ಎಂದು ಕೂಗಿ, ಕೂಗಿದ ಮೇಲೆ ನಾಚಿಕೊಳ್ಳುತ್ತಿದ್ದ ಹುಡುಗನ ಕೈ ಅದು.

ಒಳಗಿನಿಂದ ಚಹಾ ಕುದಿಯುವ ವಾಸನೆ ಬಂತು. ಕಾಕು ಬಾಗಿಲಲ್ಲಿ ಬಂದು ನಿಂತರು. ನಾನು ಕೂತದ್ದನ್ನು ನೋಡಿದರು, ಹಲಗೆಯನ್ನು ನೋಡಿದರು.

"ಇನ್ನೊಂದೀಟು ತುದಿಗೆ ಸರಿ ಯವ್ವಾ" ಎಂದರು. "ಇಬ್ಬರು ಕುಂಡ್ರಬೇಕಲ್ಲ."