ಕಳ್ಳನ ಪಾಲಿನ ಜೇನು

ಶಿಕಾಗೋ ಕಡೆಯ ಕಾಲೇಜಿಗೆ ಹೊರಟ ದಿನ ಮಗಳು ತನ್ನ ಫೆರೆಟ್ಟನ್ನು ನನ್ನ ಮಡಿಲಿಗೆ ಹಾಕಿ, "ಅಮ್ಮಾ, ಕೀಪ್ ಹಿಮ್ ಅಲೈವ್ ಟಿಲ್ ಐ ಕಮ್ ಬ್ಯಾಕ್" ಎಂದಳು. ನಗುತ್ತಲೇ ಅಂದಳು, ನಾನೂ ನಗುತ್ತಲೇ ಹೂಂ ಅಂದೆ. ಫೆರೆಟ್ ಅಂದರೆ ನಮ್ಮ ಮುಂಗುಸಿಯ ದಾಯಾದಿ ಅಂದುಕೊಳ್ಳಿ. ಉದ್ದ ಮೈ, ಗಿಡ್ಡ ಕಾಲು, ಮುಖದ ತುಂಬ ಅಧಿಕಪ್ರಸಂಗ. ಕಾಲುಚೀಲ, ಕುಂಕುಮದ ಡಬ್ಬಿಯ ಮುಚ್ಚಳ, ನನ್ನ ಆಫೀಸ್ ಬ್ಯಾಡ್ಜು, ಏನು ಸಿಕ್ಕರೂ ಸೋಫಾ ಕೆಳಗೆ ಸಾಗಿಸುತ್ತಿದ್ದ. ಅವಳಿಟ್ಟ ಇಂಗ್ಲಿಷ್ ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ. ನಾನು ಕಳ್ಳ ಅಂತಲೇ ಕರೆದೆ.

ಕಳ್ಳ ದಿನದ ಮುಕ್ಕಾಲು ಪಾಲು ನಿದ್ದೆಯಲ್ಲೇ ಇರುತ್ತಿದ್ದ. ಎತ್ತಿದರೂ ಎಚ್ಚರವಾಗದೆ ಒದ್ದೆ ಟವೆಲ್ಲಿನ ಹಾಗೆ ತೋಳಿನ ಮೇಲೆ ಜೋಲುತ್ತಿದ್ದ. ವಾರದಲ್ಲಿ ಮೂರು ದಿನ ನಾನು ವಾರೆನ್ನಿನ ಕಾರು ಕಂಪನಿಗೆ ಡ್ರೈವ್ ಮಾಡಿ ಬ್ರೇಕುಗಳ ಟೆಸ್ಟಿಂಗ್ ನೋಡಿಕೊಳ್ಳಬೇಕು. ಮಿಕ್ಕ ದಿನ ವೆಸ್ಟ್ ಬ್ಲೂಮ್‌ಫೀಲ್ಡಿನ ಮನೆಯಿಂದಲೇ ಕೆಲಸ. ಕಿಟಕಿಯಾಚೆ ಸದ್ದಿಲ್ಲದೆ ಹಿಮ ಬೀಳುತ್ತಿರುತ್ತಿತ್ತು, ಮಡಿಲಲ್ಲಿ ಅವನು ಬೆಚ್ಚಗೆ ಉಸಿರಾಡುತ್ತಿರುತ್ತಿದ್ದ, ಮೀಟಿಂಗಿನಲ್ಲಿ ಯಾರೋ ಮಾತಾಡುತ್ತಲೇ ಇರುತ್ತಿದ್ದರು. ನಮ್ಮಿಬ್ಬರಲ್ಲಿ ಎಚ್ಚರ ಇರುವವರು ಯಾರು ಅಂತ ನನಗೇ ಮರೆತುಹೋಗುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ದೀಪ ಹಚ್ಚಿ ಈಚೆ ಬಂದರೆ, ಕಳ್ಳ ಗೋಡೆಯನ್ನೇ ದಿಟ್ಟಿಸುತ್ತಾ ನಿಂತಿದ್ದ. ಬಾಯಲ್ಲಿ ಜೊಲ್ಲು. ನೋಡನೋಡುತ್ತಲೇ ಮಗ್ಗುಲಿಗೆ ಬಿದ್ದು ನಾಲ್ಕೂ ಕಾಲು ಬಡಿಯತೊಡಗಿದ. ಅಯ್ಯೋ ದೇವರೇ, ಫಿಟ್ಸ್! ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡಬೇಕು ಅಂತ ನಮ್ಮಜ್ಜಿ ಹೇಳುತ್ತಿದ್ದರು. ಓಡಿಹೋಗಿ ಕಾರಿನ ಕೀ ತಂದರೆ ಅದು ಪ್ಲಾಸ್ಟಿಕ್. ಸೌಟೆಲ್ಲ ಸ್ಟೀಲು. ಕಾರು ಮಾಡುವ ಊರಿನಲ್ಲಿ ಒಂದು ಚೂರು ಕಬ್ಬಿಣಕ್ಕೆ ಬರ ನೋಡಿ, ನನ್ನ ಕರ್ಮ! ಕೊನೆಗೆ ದೋಸೆ ಕಾವಲಿ ತಂದು ಆ ಪುಟ್ಟ ಪಾದವನ್ನು ಅದಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಪ್ರಾಣಿಗಳ ಡಾಕ್ಟರಿಗೆ ಫೋನ್ ಮಾಡಿದೆ. ಆಯಮ್ಮ ಕಾವಲಿ ಪಕ್ಕಕ್ಕಿಡಲು ಹೇಳಿ, "ಅವನ ಒಸಡಿಗೆ ಸ್ವಲ್ಪ ಜೇನು ಸವರಿ, ಬೆರಳು ಜೋಪಾನ" ಅಂದರು. ಜೇನು ದೇವರ ಗೂಡಿನಲ್ಲೇ ಇತ್ತು, ಪಂಚಾಮೃತಕ್ಕೆ ಇಟ್ಟದ್ದು. ಸವರಿದೆ. ಸ್ವಲ್ಪ ಹೊತ್ತಿಗೆ ಅವನ ಕಣ್ಣು ತಿರುಗಿ ನನ್ನನ್ನು ಗುರುತಿಸಿತು.

ಮಾರನೆಯ ದಿನ ಡಾಕ್ಟರು ಪರೀಕ್ಷೆ ಮಾಡಿ ಹೇಳಿದರು: ಹೊಟ್ಟೆಯೊಳಗೆ, ಪ್ಯಾಂಕ್ರಿಯಾಸಿನಲ್ಲಿ ಗೆಡ್ಡೆ. ಅದರಿಂದ ರಕ್ತದ ಸಕ್ಕರೆ ಇದ್ದಕ್ಕಿದ್ದ ಹಾಗೆ ಇಳಿಯುತ್ತದೆ. ದಿನಕ್ಕೆರಡು ಸಲ ಔಷಧಿ, ನಾಲ್ಕು ಗಂಟೆಗೊಮ್ಮೆ ಮಾಂಸ. ಮಾಂಸ ಅಂದದ್ದು ಕಿವಿಗೆ ಬೀಳಲಿಲ್ಲ ಅಂದರೆ ಸುಳ್ಳಾದೀತು, ಬಿದ್ದಿತ್ತು. ಮೊಟ್ಟೆಯನ್ನೂ ಒಳಗೆ ಬಿಡದ ಅಡುಗೆಮನೆ ನನ್ನದು. ಚೀಲದಲ್ಲಿ ಬರುವ ಅವನ ಒಣ ಆಹಾರವನ್ನು ಮಾಂಸವೆಂದು ನಾನು ಎಣಿಸಿರಲೇ ಇಲ್ಲ. ಸಕ್ಕರೆ ಇಳಿದರೆ ಸಿಹಿ ಕೊಟ್ಟರಾಯಿತು, ಅದಕ್ಕೇನು ಬ್ರಹ್ಮವಿದ್ಯೆ ಬೇಕೆ ಅಂದುಕೊಂಡೆ. ಮಾಂಸದ ಮಾತು ಬಿಟ್ಟು, ಔಷಧಿಯ ಜೊತೆಗೆ ದಿನವೂ ಪೂಜೆ ಮುಗಿಸಿ, ಗಂಟೆ ಬಾರಿಸಿ, ಒಂದು ಬೆರಳು ಜೇನು ನೆಕ್ಕಿಸತೊಡಗಿದೆ.

ಒಂದೇ ವಾರದಲ್ಲಿ ಕಳ್ಳ ಕಲಿತ. ಗಂಟೆ ಕೇಳಿದರೆ ಸಾಕು, ಎಂಥ ನಿದ್ದೆಯಿಂದಲೂ ಎದ್ದು ಗುಡುಗುಡು ಓಡಿಬಂದು ದೇವರ ಮುಂದೆ ಕೂತು ನಾಲಿಗೆ ಚಾಚುತ್ತಿದ್ದ. "ಬಂದೆಯಾ ಭಕ್ತ ಶಿರೋಮಣಿ" ಅನ್ನುತ್ತಿದ್ದೆ. ಊದುಬತ್ತಿಯ ಹೊಗೆಯಲ್ಲಿ ಅವನ ಮೀಸೆ ಹೊಳೆಯುವುದನ್ನು ನೋಡುತ್ತಾ ಆಫೀಸಿಗೆ ತಡವಾದದ್ದೂ ಇದೆ. ಆದರೆ ಮೊದಮೊದಲು ವಾರಕ್ಕೊಮ್ಮೆ ಬರುತ್ತಿದ್ದ ಫಿಟ್ಸ್ ದಿನ ಬಿಟ್ಟು ದಿನ ಬರತೊಡಗಿತು. ಸಾಲದೇನೋ ಅಂತ ನಾನು ಎರಡು ಬೆರಳು ಜೇನು ಕೊಟ್ಟೆ.

ಮತ್ತೆ ತೋರಿಸಲು ಕರೆದೊಯ್ದೆ. ಏನೇನು ತಿನ್ನಿಸ್ತೀರಿ ಅಂತ ಡಾಕ್ಟರು ಕೇಳಿದಾಗ ಹೆಮ್ಮೆಯಿಂದಲೇ ಹೇಳಿದೆ. ಆಯಮ್ಮ ಪೆನ್ನು ಕೆಳಗಿಟ್ಟರು. ಸಿಹಿ ಹೋದ ಕೂಡಲೇ ಆ ಗೆಡ್ಡೆ ಇನ್ನಷ್ಟು ಇನ್ಸುಲಿನ್ ಸುರಿಯುತ್ತದಂತೆ, ಆಮೇಲೆ ಸಕ್ಕರೆ ಪಾತಾಳಕ್ಕೆ. ಜೇನು ಫಿಟ್ಸ್ ಬಂದಾಗ ಮಾತ್ರ. ದೇವರ ಹೆಸರು ಹೇಳಿ ನನ್ನ ಕೈಯಾರೆ ಅವನನ್ನು ಮತ್ತೆ ಮತ್ತೆ ಬೀಳಿಸಿದ್ದೆ.

ಅವತ್ತೇ ಹಸುಗೂಸುಗಳಿಗೆಂದು ನುಣ್ಣಗೆ ಅರೆದು ಮಾರುವ ಚಿಕನ್ ಬಾಟಲಿ ತಂದು, ಬೇರೆ ಪಾತ್ರೆಯಲ್ಲಿ ಬೆಚ್ಚಗೆ ಮಾಡಿ, ಬೆರಳಲ್ಲೇ ತಿನ್ನಿಸಿದೆ. ತಿನ್ನಿಸಿ ಸಿಂಕಿನಲ್ಲಿ ವಾಂತಿ ಮಾಡಿಕೊಂಡೆ. ಆಮೇಲೆ ಮಗಳಿಗೆ ಫೋನ್ ಮಾಡಿ ಗಂಟೆ, ಜೇನು, ಎಲ್ಲ ಹೇಳಿದೆ. "ಯೂ ಡಿಡಂಟ್ ನೋ, ಅಮ್ಮಾ" ಅಂದಳು.

"ಗೊತ್ತಿತ್ತು ಕಣೇ. ಮಾಂಸ ಅಂದಿದ್ರು. ನಂಗೆ ಮುಟ್ಟೋಕಾಗ್ಲಿಲ್ಲ ಅಷ್ಟೆ."

ಆ ಚಳಿಗಾಲವಿಡೀ ನಾನು ಗಂಟೆ ಬಾರಿಸಲಿಲ್ಲ. ಬಾರಿಸಿದರೆ ಅವನು ಬಂದು ಕೂರುತ್ತಾನಲ್ಲ, ಏನಂತ ಹೇಳಿ ಕಳಿಸಲಿ? ನಾಲ್ಕು ಗಂಟೆಗೊಮ್ಮೆ ಚಿಕನ್ ತಿನ್ನಿಸುತ್ತಾ, ಆಫೀಸಿನ ದಿನ ಬುಟ್ಟಿಯಲ್ಲಿ ಜೊತೆಗೇ ಒಯ್ಯುತ್ತಾ, ಮಗಳು ಬರುವ ತನಕ ಇರಪ್ಪಾ, ಇನ್ನೊಂದು ವಾರ ಇರಪ್ಪಾ ಅಂತ ಬೇಡಿಕೊಂಡೆ.

ಇದ್ದ. ಮೇ ತಿಂಗಳಲ್ಲಿ ಅವಳು ಬರುವ ಹೊತ್ತಿಗೆ ಔಷಧಿಗೂ ಫಿಟ್ಸ್ ಬಗ್ಗುತ್ತಿರಲಿಲ್ಲ, ಹಿಂಗಾಲಿಗೆ ಬಲವಿರಲಿಲ್ಲ. ಇನ್ನು ನೋಯಿಸಬೇಡಿ, ಒಂದು ಇಂಜೆಕ್ಷನ್ ಕೊಟ್ಟು ಕಳಿಸಿಕೊಡೋಣ ಅಂದರು ಡಾಕ್ಟರು. ಹನ್ನೊಂದು ಗಂಟೆಗೆ ಅಪಾಯಿಂಟ್‌ಮೆಂಟ್. ಅವತ್ತು ಬೆಳಿಗ್ಗೆ ನಾನು ಸದ್ದಿಲ್ಲದೆ ದೀಪ ಹಚ್ಚಿದೆ. ನಡುಮನೆಯ ಬಿಸಿಲಲ್ಲಿ ಮಗಳು ಅವನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹುಟ್ಟಿದಾಗಿನಿಂದ ನನಗೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟವಳು, "ಅಮ್ಮಾ, ಗಂಟೆ ಬಾರಿಸು" ಅಂದಳು.

ಬಾರಿಸಿದೆ. ಕಳ್ಳ ತಲೆ ಎತ್ತಿದ. ಮಡಿಲಿಂದ ಜಾರಿ, ಹಿಂಗಾಲು ಎಳೆದುಕೊಂಡು, ಅಷ್ಟುದ್ದದ ನಡುಮನೆ ದಾಟಿ ದೇವರ ಮುಂದೆ ಬಂದು ನಾಲಿಗೆ ಚಾಚಿದ. ನಾನು ಜೇನಿನಲ್ಲಿ ಬೆರಳದ್ದಿ ಕೊಟ್ಟೆ. ಕಣ್ಣು ಮುಚ್ಚಿಕೊಂಡು ನೆಕ್ಕಿದ.

"ಇನ್ನೂ ಸ್ವಲ್ಪ ಕೊಡು," ಅಂದಳು ಮಗಳು.

ಕೊಟ್ಟೆ.