ನಮ್ಮ ಓಣಿಯ ಆಫೀಸ್ ಕಾಕು

ಅವರ ಬಲಗಣ್ಣಿನ ಸುತ್ತ ನೆರಿಗೆಗಳು ಹೆಚ್ಚಿದ್ದವು. ಎಡಗಣ್ಣಿನ ಸುತ್ತ ಅಷ್ಟಿರಲಿಲ್ಲ. ಯಾವ ವಸ್ತು ಕೈಗೆ ಬಂದರೂ ಬಲಗಣ್ಣನ್ನು ಕಿರಿದು ಮಾಡಿ ಮುಂದಿನಿಂದ, ಹಿಂದಿನಿಂದ, ಮಗ್ಗುಲಿನಿಂದ, ಕೊನೆಗೆ ತಲೆಕೆಳಗು ಮಾಡಿ ನೋಡುವುದು ಅವರ ರೂಢಿ. ಇಚಲಕರಂಜಿಯ ನಮ್ಮ ಮನೆಯ ಮಹಡಿಗೆ ಬಾಡಿಗೆಗೆ ಬಂದ ದಿನ ಅವ್ವ ಚಹಾ ಕೊಟ್ಟಳು. ಕುಡಿದು ಮುಗಿಸಿ ಕಪ್ಪನ್ನು ಬೋರಲು ಹಾಕಿ ನೋಡತೊಡಗಿದರು. ಅವ್ವನ ಮುಖ ಸಣ್ಣದಾಯಿತು.

"ತೊಳದ ಕೊಟ್ಟೇನ್ರಿ," ಅಂದಳು.

"ಅಯ್ಯ, ಹೊಲಸ ಹುಡುಕಾಕತ್ತಿಲ್ರೀ ನಾ. ಇದರ ತಳಾ ಎಷ್ಟ ಚಂದ ಮಾಡ್ಯಾನ ನೋಡ್ರಿ. ಯಾರೂ ನೋಡಂಗಿಲ್ಲಂತ ಗೊತ್ತಿದ್ರೂ ಮಾಡ್ಯಾನ."

ಅವರು ಗಡಹಿಂಗ್ಲಜದ ಹತ್ತಿರದ ನೂಲ ಎಂಬ ಊರಿನವರು. ವಯಸ್ಸೆಲ್ಲ ಕೋಲ್ಕತ್ತಾದಲ್ಲಿ, ದೇಶದ ವಿನ್ಯಾಸಗಳನ್ನು ನೋಂದಾಯಿಸುವ ಕಚೇರಿಯಲ್ಲಿ ಕಳೆದಿತ್ತು. ಯಾರಾದರೂ ಒಂದು ಬಾಟಲಿಗೆ, ಕುರ್ಚಿಗೆ, ಬಟ್ಟೆಗೆ ಹೊಸ ಆಕಾರವನ್ನೋ ಚಿತ್ತಾರವನ್ನೋ ಕೊಟ್ಟರೆ ಅದನ್ನು ಅವರ ಹೆಸರಿಗೆ ದಾಖಲಿಸಿ, ಬೇರೆಯವರು ನಕಲು ಮಾಡದಂತೆ ಕಾಯುವ ಕಚೇರಿ ಅದು. ಬಂದ ಅರ್ಜಿ ನಿಜಕ್ಕೂ ಹೊಸದೇ ಎಂದು ಪರೀಕ್ಷಿಸುವುದು ಅವರ ಕೆಲಸವಾಗಿತ್ತು. ಮದುವೆ ಆಗಿರಲಿಲ್ಲ. ನಿವೃತ್ತಿಯ ಮೇಲೆ ನೂಲಕ್ಕೆ ಹೋಗದೆ ಇಲ್ಲಿಗೇಕೆ ಬಂದಿರಿ ಎಂದು ಅಪ್ಪ ಕೇಳಿದ್ದಕ್ಕೆ, "ಮಗ್ಗದ ಸಪ್ಪಳ ಇದ್ರ ಮಂದಿ ಏನರ ಮಾಡಾಕತ್ತಾರ ಅನಸ್ತೈತಿ. ಆ ಸಪ್ಪಳದಾಗ ನನಗ ನಿದ್ದಿ ಛಲೋ ಬರ್ತೈತಿ," ಅಂದಿದ್ದರು. ಓಣಿಯ ಹುಡುಗರು ಅವರಿಗೆ 'ಆಫೀಸ್ ಕಾಕು', ಅಂದರೆ ಆಫೀಸ್ ಚಿಕ್ಕಮ್ಮ, ಎಂದು ಹೆಸರಿಟ್ಟರು. ಅವರೂ ಅದಕ್ಕೇ ಓಗೊಡುತ್ತಿದ್ದರು.

ಸಂಜೆ ಮಹಡಿಯ ಮೆಟ್ಟಿಲ ಮೇಲೆ ಕೂತು ಅವರು ಹೇಳುತ್ತಿದ್ದುದೆಲ್ಲ ಹಳೆಯ ಚಿತ್ರಗಳ ಸಂಗತಿ. ಅವರು ಕೆಲಸಕ್ಕೆ ಸೇರಿದಾಗ ಚಿತ್ರಗಳೆಲ್ಲ ಕಪಾಟಿನಲ್ಲಿದ್ದವಂತೆ. ಹೊಸ ಅರ್ಜಿ ಬಂದರೆ ಕಪಾಟು ತೆಗೆದು, ಇಂಥದ್ದು ಮೊದಲೇ ಇದೆಯೇ ಎಂದು ಕಣ್ಣಿನಿಂದಲೇ ಹುಡುಕಬೇಕು. ಮುಂದೆ ಕಂಪ್ಯೂಟರ್ ಬಂತು. ಹಳೆಯ ಚಿತ್ರಗಳನ್ನೆಲ್ಲ ಸ್ಕ್ಯಾನ್ ಮಾಡಿ, ವರ್ಗಕ್ಕೆ ತಕ್ಕಂತೆ ವಿಂಗಡಿಸಿ, ಯಾರು ಬೇಕಾದರೂ ಹುಡುಕುವಂತೆ ಮಾಡುವ ಕೆಲಸದಲ್ಲಿ ಇವರನ್ನೂ ಹಾಕಿದರು. ಕಣ್ಣು ದಣಿಯುವ ಈ ಕೆಲಸ ಬೇಡವೆಂದು ಕೆಲವರು ತಪ್ಪಿಸಿಕೊಂಡರು. ಇವರು ಬಿಡಲಿಲ್ಲ.

"ಕೆಲವು ಕಾಗದಾ ಎತ್ತಿದ್ರ ಹಪ್ಪಳದಂಗ ಮುರೀತಿದ್ವು," ಎನ್ನುತ್ತಿದ್ದರು. "ಯಾರೋ ಎಲ್ಲೋ ಕುಂತು ಗೆರಿ ಹೊಡದಿರ್ತಾರ. ಅವರು ಹೋಗ್ಯಾರ, ಅವರ ಕಾರಖಾನಿ ಹೋಗೇತಿ, ಗೆರಿ ಅಷ್ಟ ಉಳದೇತಿ. ಮಷಿನ್ನಿನ ಮ್ಯಾಲೆ ಇಡೂಮುಂದ ಎಳೀ ಕೂಸಿನ್ನ ತೊಟ್ಟಲಕ್ಕ ಹಾಕಿದಂಗ ಇಡ್ತಿದ್ದೆ."

ನಮ್ಮದು ಪವರ್‌ಲೂಮ್ ಮನೆ. ಸೀರೆಯ ದಡಿಗೆ, ಅಂದರೆ ಅಂಚಿಗೆ, ನಾನು ಚಿತ್ತಾರ ಬರೆಯುತ್ತಿದ್ದೆ, ಅಪ್ಪ ನೇಯಿಸುತ್ತಿದ್ದ. ನಾನು ಬರೆದ ಬೇವಿನೆಲೆಯ ದಡಿಯ ಸೀರೆಗಳು ಒಂದು ಹಬ್ಬದ ಕಾಲದಲ್ಲಿ ಚೆನ್ನಾಗಿ ಮಾರಾಟವಾದವು. ಮುಂದಿನ ಹಬ್ಬಕ್ಕೆ ಅದೇ ದಡಿ ಬೇರೆಯವರ ಮಗ್ಗದಿಂದ ಇಳಿದು ಕೊಲ್ಲಾಪುರದ ಅಂಗಡಿಗಳಲ್ಲಿ ತೂಗುತ್ತಿತ್ತು. ಅಪ್ಪ ಆ ಸೀರೆಯನ್ನೊಂದು ತಂದು ಕಾಕುವಿನ ಮುಂದೆ ಎಸೆದ.

"ನಿಮ್ಮ ಆಫೀಸಿಗೆ ಬರೀರಿ ಕಾಕು. ಇವರಿಗೆ ಕೇಸ್ ಹಾಕೂಣು."

ಕಾಕು ಎರಡೂ ಸೀರೆಗಳನ್ನು ಅಕ್ಕಪಕ್ಕ ಹಾಸಿ, ಆ ಬಲಗಣ್ಣಿನಿಂದ ನೋಡಿದರು. ಒಂದು ಎಲೆಯ ತೊಟ್ಟನ್ನು ನಾನು ಕೈತಪ್ಪಿ ಸೊಟ್ಟಗೆ ಎಳೆದಿದ್ದೆ. ಅವರ ಸೀರೆಯಲ್ಲೂ ಆ ತೊಟ್ಟು ಸೊಟ್ಟಗೇ ಇತ್ತು.

"ನಿನ್ನ ತಪ್ಪನೂ ಬಿಡದಂಗ ಕದ್ದಾರ," ಅಂದರು ನನಗೆ. ಆಮೇಲೆ ಅಪ್ಪನತ್ತ ತಿರುಗಿ, "ಆದ್ರ ನೋಂದಣಿ ಮಾಡಸೂಕಿಂತ ಮೊದಲ ಪ್ಯಾಟ್ಯಾಗ ಮಾರಿ ಬಿಟ್ಟೀರಿ. ಮಂದಿ ಕಣ್ಣಿಗೆ ಒಮ್ಮೆ ಬಿದ್ದ ಮ್ಯಾಲೆ ಕಾಯ್ದೆ ಅದನ್ನ ಹೊಸದು ಅನ್ನೂದಿಲ್ರೀ. ಇದರದು ಬಾಗಲಾ ಮುಚ್ಚೇತಿ. ಸುಳ್ಳ ಆಸೆ ಹಚ್ಚಂಗಿಲ್ಲ ನಾ."

ನಾನು ಅತ್ತುಬಿಟ್ಟೆ. ಕಾಕು ಒಳಗೆ ಹೋಗಿ ಒಗ್ಗರಣೆ ಅವಲಕ್ಕಿ ಮಾಡಿ ತಂದು, ನಾನು ತಿಂದು ಮುಗಿಸುವವರೆಗೆ ಎದುರಿಗೆ ಕೂತಿದ್ದರು.

ಆ ಮಳೆಗಾಲದಲ್ಲಿ ಕೃಷ್ಣೆ ಉಕ್ಕಿ ಕುರುಂದವಾಡದ ನನ್ನ ಅಜ್ಜಿಯ ಮನೆಗೆ ನೀರು ನುಗ್ಗಿತು. ನೀರು ಇಳಿದ ಮೇಲೆ ಅವ್ವನೂ ನಾನೂ ಕೆಸರು ತೆಗೆಯಲು ಹೋದೆವು. ಗೋಡೆಯ ಮೇಲೆ ನೀರು ನಿಂತು ನಿಂತು ಇಳಿದ ಗುರುತುಗಳಿದ್ದವು: ಕೆಳಗೆ ದಪ್ಪ ಗೆರೆ, ಅದರ ಮೇಲೆ ತೆಳುವಾದದ್ದು, ಎಲ್ಲಕ್ಕಿಂತ ಮೇಲಿನದು ಅಲ್ಲಲ್ಲಿ ಹರಿದು ಹೋದದ್ದು. ಅಜ್ಜಿ ಅದನ್ನೇ ನೋಡುತ್ತ, "ಹೊಳೀ ಸಿಟ್ಟ ಇಳದ ಹ್ವಾದ ಮ್ಯಾಲೆ ಹಿಂಗ ಕಾಣ್ತೈತಿ ನೋಡ," ಅಂದಳು. ಮನೆಗೆ ಬಂದವಳೇ ಆ ಗೆರೆಗಳನ್ನು ದಡಿಯಾಗಿ ಬರೆದೆ. ಮಾರುಕಟ್ಟೆಗೆ ಒಂದು ತುಂಡನ್ನೂ ಕಳಿಸದೆ ಮಹಡಿ ಹತ್ತಿದೆ.

ಆನ್‌ಲೈನ್ ಅರ್ಜಿ ತುಂಬಲು ಕಾಕು ನನ್ನ ಜೊತೆ ಕೂತರು. ತಾವೇ ಓಡಾಡಿದ ಕಚೇರಿ, ಆದರೂ ಒಂದೆರಡು ಕಡೆ ತಡವರಿಸಿದರು. ಇಂಗ್ಲಿಷಿನ ಆ ಕಾನೂನಿನ ಮಾತುಗಳನ್ನು ನನಗೆ ಕನ್ನಡದಲ್ಲಿ ಬಿಡಿಸಿ ಹೇಳಲು ಹೋಗಿ, ನಡುವೆಯೇ ಕೀಲಿಮಣೆಯಿಂದ ಕೈ ತೆಗೆದರು.

"ಇಷ್ಟ ವರ್ಷ ಟೇಬಲ್ಲಿನ ಆ ಕಡೆ ಕುಂತಿದ್ದೆ. ಈ ಕಡೆ ಕುಂತವರಿಗೆ ಎಷ್ಟ ತ್ರಾಸ ಅಂತ ಇವತ್ತ ಗೊತ್ತಾತು ನೋಡವಾ."

ಕೆಲ ತಿಂಗಳ ಮೇಲೆ ಕಚೇರಿಯಿಂದ ಆಕ್ಷೇಪಣೆ ಬಂತು. ನನ್ನ ದಡಿಯನ್ನು ಹೋಲುವ ಅಲೆಯ ಚಿತ್ತಾರವೊಂದು ಬಹಳ ಹಿಂದೆಯೇ ನೋಂದಣಿಯಾಗಿದೆ, ಇದಕ್ಕೆ ಏನು ಹೇಳುತ್ತೀರಿ ಎಂದು. ಜೊತೆಗೆ ಆ ಹಳೆಯ ಚಿತ್ರವೂ ಇತ್ತು. ನಾನು ಆ ಪತ್ರವನ್ನು ಮತ್ತೆ ಮೊದಲಿನಿಂದ ಓದಿದೆ. ಕಾಕು ಮಾತ್ರ ಪರದೆಯ ಹತ್ತಿರ ಬಾಗಿ, ಕಳೆದುಹೋದ ನೆಂಟರನ್ನು ಕಂಡವರ ಹಾಗೆ ನಕ್ಕರು.

"ಇದು ನನಗ ನೆನಪೈತಿ! ಮೂಲಿ ಹರದಿತ್ತಲಾ, ನೋಡಿಲ್ಲೆ. ನಾನ ಮಷಿನ್ನಿಗೆ ಕೊಟ್ಟದ್ದಿದು. ಸಿಗಬೇಕಂತನ ಇಟ್ಟಿದ್ವಿ, ಸಿಕ್ಕತಲಾ!"

"ಕಾಕು, ನನ್ನ ದಡಿ ಮುಳುಗಾಕತ್ತೈತಿ. ನೀವು ನಗತೀರಿ," ಅಂದೆ.

ಅವರ ನಗು ನಿಂತಿತು. ನನ್ನ ತಲೆಯ ಮೇಲೆ ಕೈಯಿಟ್ಟರು. ಅಷ್ಟರಲ್ಲಿ ಅಪ್ಪ ಬಂದ. "ನಿಮ್ಮ ಕೈಯಾಗ ಕಲತವರ ಅಲ್ಲಿ ಈಗ ಸಾಹೇಬ್ರು ಇರಬೇಕಲ್ರಿ? ಒಂದ ಫೋನ್ ಹಚ್ರಿ ಸಾಕು."

"ಹಚ್ಚೂದಿಲ್ಲ."

"ಮನೀ ಮಗಳಂತೀರಿ ಮತ್ತ..."

"ಅದಕ್ಕ ಹಚ್ಚೂದಿಲ್ಲ. ಇದು ಆಕೀ ಗೆರಿ. ನನ್ನ ಫೋನಿನಿಂದ ಆದ್ರ ಆಕೀದು ಹೆಂಗ ಆಗ್ತೈತ್ರಿ?"

ಅಪ್ಪ ಸಿಟ್ಟಾಗಿ ಕೆಳಗಿಳಿದು ಹೋದ. ಕೆಲವು ದಿನ ಅವರಿಬ್ಬರ ನಡುವೆ ಮಾತಿರಲಿಲ್ಲ. ಕಾಕು ಎರಡೂ ಚಿತ್ರಗಳನ್ನು ಗೋಡೆಗೆ ಅಂಟಿಸಿ ನನ್ನನ್ನು ಮುಂದೆ ಕೂಡಿಸಿದರು. ಎರಡರ ನಡುವೆ ಏನು ವ್ಯತ್ಯಾಸ ಎಂದು ಅವರಿಗೆ ಗೊತ್ತಿತ್ತೆಂಬುದು ಮುಖದಲ್ಲೇ ಕಾಣುತ್ತಿತ್ತು. ನಾನು ಬಾಯಿಗೆ ಬಂದದ್ದು ಹೇಳಹೊರಟರೆ, "ಥಾಂಬ್ ಜರಾ," ಎಂದು ಮರಾಠಿಯಲ್ಲಿ ತಡೆಯುವರು. "ಇನ್ನೂ ನೋಡು. ಬರದಾಕಿ ನೀನು, ನೋಡಾಕಿನೂ ನೀನ ಆಗಬೇಕು."

ವಿಚಾರಣೆ ವಿಡಿಯೋದಲ್ಲಿ ನಡೆಯಿತು. ಹಿಂದೆ ಇಂಥದಕ್ಕೆ ಕೋಲ್ಕತ್ತಾದ ರೈಲು ಹಿಡಿಯಬೇಕಿತ್ತು, ಇಲ್ಲವೇ ವಕೀಲರನ್ನು ಇಡಬೇಕಿತ್ತು. ಎರಡೂ ನಮ್ಮಿಂದ ಆಗುವ ಮಾತಲ್ಲ. ಕಾಕು ತಮ್ಮ ಗುರುತು ಸಿಗಬಾರದೆಂದು ಕ್ಯಾಮೆರಾಕ್ಕೆ ಕಾಣದ ಮೂಲೆಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು. ಅಧಿಕಾರಿ ಎಳೆ ವಯಸ್ಸಿನವರು. ನಾನು ಹರಕುಮುರುಕು ಹಿಂದಿಯಲ್ಲಿ, ಬಟ್ಟೆಯ ತುಂಡನ್ನು ಎತ್ತಿ ಹಿಡಿದು ಹೇಳಿದೆ: ಹಳೆಯ ಚಿತ್ರದಲ್ಲಿ ಅಲೆಗಳು ಒಂದೇ ದಪ್ಪ, ಒಂದರ ಹಿಂದೊಂದು ಬರುತ್ತಲೇ ಇವೆ. ನನ್ನದರಲ್ಲಿ ಯಾವ ಗೆರೆಯೂ ಇನ್ನೊಂದರ ಹಾಗಿಲ್ಲ. ಮೇಲೆ ಹೋದಂತೆ ತೆಳುವಾಗಿ ಹರಿಯುತ್ತವೆ. ಅದು ಬರುವ ನೀರು, ಸರ್. ಇದು ಇಳಿದುಹೋದ ನೀರು.

ಅವರು ಬಹಳ ಹೊತ್ತು ನೋಡಿದರು. ಇನ್ನಷ್ಟು ಸ್ಪಷ್ಟವಾದ ಚಿತ್ರಗಳನ್ನು ಕಳಿಸಿ, ಪರಿಶೀಲಿಸುತ್ತೇನೆ ಎಂದರು. ಪರದೆ ಆರಿದ ಮೇಲೆ ತಿರುಗಿ ನೋಡಿದರೆ ಕಾಕುವಿನ ಕಣ್ಣುಗಳು ತುಂಬಿದ್ದವು. ಕಾಳು, ಸಿಪ್ಪೆ ಎರಡೂ ಒಂದೇ ಬುಟ್ಟಿಯಲ್ಲಿ ಕಲೆತುಹೋಗಿದ್ದವು.

ನೋಂದಣಿಯಾಯಿತು. ಸುದ್ದಿ ಕೇಳಿ ಅಪ್ಪನೇ ಪೇಢೆ ಹಿಡಿದು ಮಹಡಿ ಹತ್ತಿದ. "ತಪ್ಪಾತ್ರಿ ಕಾಕು," ಅಂದ. "ಪೇಢೆ ಛಲೋ ಅದಾವು," ಎಂದರು ಅವರು.

ಅಂದಿನಿಂದ ರವಿವಾರ ಬಂತೆಂದರೆ ನಾವಿಬ್ಬರೂ ಬಸ್ಸು ಹತ್ತುತ್ತಿದ್ದೆವು. ಕೊಲ್ಲಾಪುರದ ಚಪ್ಪಲಿ ಮಾಡುವವರ ಓಣಿ, ಗಡಹಿಂಗ್ಲಜದ ಬಡಿಗರ ಸಾಲು. ಮಾರುವುದಕ್ಕಿಂತ ಮೊದಲು ನೋಂದಾಯಿಸಿರಿ ಎಂದು ಹೇಳಿ ಹೇಳಿ ಕಾಕುವಿನ ಗಂಟಲು ಒಣಗುತ್ತಿತ್ತು. ತಮ್ಮ ಕಚೇರಿಯವರಿಗೂ ಬಿಡದೆ ಬರೆಯುತ್ತಿದ್ದರು: ಕಂಪ್ಯೂಟರ್ ಬಂದರೆ ಸಾಲದು, ಮಂದಿಯ ಭಾಷೆಯೂ ಬರಬೇಕು ಎಂದು.

ಹೋದ ಚಳಿಗಾಲದಲ್ಲಿ ಮಧ್ಯಾಹ್ನ ಊಟ ಮಾಡಿ ಮಲಗಿದ ಕಾಕು ಏಳಲಿಲ್ಲ. ಕೆಳಗೆ ಮಗ್ಗಗಳು ನಡೆಯುತ್ತಿದ್ದವು. ಅಪ್ಪ ಓಡಿಹೋಗಿ ಎಲ್ಲವನ್ನೂ ನಿಲ್ಲಿಸಿದ. ಆ ಮನೆ ಅಷ್ಟು ನಿಶ್ಶಬ್ದವಾಗಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಅವರ ದಿನಕರ್ಮಕ್ಕೆ ನೂಲಕ್ಕೆ ಹೋಗಿದ್ದೆವು. ಊಟವಾದ ಮೇಲೆ ಅವರ ತಮ್ಮನ ಸೊಸೆ ನನ್ನ ಪಕ್ಕ ಬಂದು ಕೂತಳು.

"ಅಕ್ಕಾ, ನಮ್ಮ ಅತ್ಯಾ ಅಲ್ಲಿ ಖರೇನ ಏನ ಕೆಲಸಾ ಮಾಡ್ತಿದ್ರರಿ? ಸರಕಾರಿ ಆಫೀಸು ಅಂತಿದ್ರು, ಅಷ್ಟ. ನಾವೂ ಕೇಳಲಿಲ್ಲ."

ನಾನು ಮೊಬೈಲ್ ತೆಗೆದು, ಆ ಕಚೇರಿಯ ಹುಡುಕುವ ಪುಟದಲ್ಲಿ ಮೂಲೆ ಹರಿದ ಹಳೆಯ ಅಲೆಯ ಚಿತ್ರವನ್ನು ತೆರೆದು ಅವಳ ಕೈಗೆ ಕೊಟ್ಟೆ. ಕಪಾಟಿನಲ್ಲಿ ಪುಡಿಯಾಗಲಿದ್ದ ಇಂಥವನ್ನು ಒಂದೊಂದಾಗಿ ಎತ್ತಿ ಉಳಿಸಿದವರಲ್ಲಿ ಅವರೂ ಒಬ್ಬರು, ಇದು ಅವರ ಕೈಯಿಂದಲೇ ಹಾದುಬಂದದ್ದು ಎಂದೆ.

ಅವಳು ಬೆರಳಿನಿಂದ ಚಿತ್ರ ಹಿಗ್ಗಿಸಿ ನೋಡಿದಳು, ಮತ್ತೆ ನೋಡಿದಳು. ಆಮೇಲೆ ಎದ್ದು ನಿಂತು, ಒಳಮನೆಯತ್ತ ಮುಖ ಮಾಡಿ ಎಲ್ಲರನ್ನೂ ಕೂಗಿದಳು:

"ಬರ್ರಿ ಇಲ್ಲೆ, ಎಲ್ಲಾರೂ ಬರ್ರಿ. ನಮ್ಮ ಅತ್ಯಾನ ಕೆಲಸಾ ನೋಡ ಬರ್ರಿ."