ಹಾಡಿಲ್ಲದ ತಟ್ಟೆ

ಮದುವೆ, ಹುಟ್ಟುಹಬ್ಬಗಳಲ್ಲಿ ತಟ್ಟೆಯಂಥ ರೆಕಾರ್ಡು ಹಾಕಿ ಜನರನ್ನು ಕುಣಿಸುವ ಡಿಜೆಯನ್ನು ಎಲ್ಲರೂ ತಟ್ಟೆಮಾವ ಎನ್ನುತ್ತಾರೆ. ಪ್ಲೇಯರಿನ ಮುಳ್ಳಿಡುವ ಮುಂಚೆ ಅವನು ರೆಕಾರ್ಡನ್ನು ಕೂಸಿನ ಮುಖದ ಹಾಗೆ ಒರೆಸುತ್ತಿದ್ದ. "ಒಂದು ದಿನಾನಾದ್ರೂ ನನ್ನ ಕೈ ಹೀಗೆ ಹಿಡ್ಕೊಂಡಿದ್ದೀರಾ?" ಎಂದು ಹೆಂಡತಿ ಹಂಗಿಸಿದರೆ, "ನೀನೇನು ಗೀರು ಬೀಳೋ ಸಾಮಾನಾ?" ಎನ್ನುತ್ತಿದ್ದ. ರೆಕಾರ್ಡಿನ ಪೆಟ್ಟಿಗೆ ಹೊತ್ತು ಹೊತ್ತು ಸೊಂಟ ಮುಷ್ಕರ ಹೂಡಿದ ಮೇಲೆ, ಮನೆಯಲ್ಲೇ ಕೂತು ಒಂದೊಂದೇ ರೆಕಾರ್ಡು ನುಡಿಸಿ ಹಾಡುಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿಸಿದ. ಈಗ ಮದುವೆಗಳಲ್ಲಿ ಅವನು ತಿರುಗಿಸುವ ತಟ್ಟೆಯಲ್ಲಿ ಹಾಡೇ ಇಲ್ಲ. ಅದನ್ನು ಹೇಗೆ ತಿರುಗಿಸಿದರೆ ಹಾಗೆ ಕಂಪ್ಯೂಟರಿನ ಹಾಡು ಹಿಂದೆ ಮುಂದೆ ಓಡುತ್ತದೆ. ಅದು ಬರೀ ಲಗಾಮು, ಕುದುರೆ ಇರುವುದು ಕಂಪ್ಯೂಟರಿನೊಳಗೆ. ಆದರೂ ಅದನ್ನು ಒರೆಸುತ್ತಾನೆ, ಮುಳ್ಳಿಗೆ ಉಫ್ ಎಂದು ಊದುತ್ತಾನೆ. ಹೆಂಡತಿ ತೀರಿಕೊಂಡ ಮೇಲೆ ಒಮ್ಮೆ ಮಗಳು ಹೆಡ್‌ಫೋನ್ ಹಾಕಿಕೊಂಡು, "ಅಪ್ಪಾ, ಈ ಹಾಡಿನ ಅಡೀಲಿ ದಬ್ ದಬ್ ಅಂತಿದೆ. ಅಳಿಸಿಬಿಡ್ಲಾ?" ಎಂದಳು. "ಮುಟ್ಟಬೇಡ ತಾಯಿ. ಅದನ್ನ ತುಂಬಿಸುವಾಗ ನಿಮ್ಮಮ್ಮ ಹಲಗೆ ನೆಲದ ಮೇಲೆ ನಡ್ಕೊಂಡು ಬಂದ್ಲು. ಮುಳ್ಳು ಕೇಳಿಸ್ಕೊಂಡುಬಿಟ್ಟಿದೆ." ಆ ಹೆಜ್ಜೆಗಳು ಹಾಡಿನ ಕೊನೆಯಲ್ಲಿ ಹತ್ತಿರ ಹತ್ತಿರ ಬರುತ್ತವೆ, ಇನ್ನೇನು ಬೆನ್ನಿಗೆ ಬಂದವು ಎನ್ನುವಾಗ ಹಾಡು ಮುಗಿಯುತ್ತದೆ. ಮುಗಿಯಗೊಡದೆ ತಟ್ಟೆಮಾವ ತಟ್ಟೆಯನ್ನು ಹಿಂದಕ್ಕೆ ತಿರುಗಿಸುತ್ತಾನೆ. ಹೆಜ್ಜೆಗಳು ದೂರ ಸರಿದು ಮತ್ತೆ ಬರುತ್ತವೆ. ಕುಣಿಯುವವರು, "ಏನು ಕೈಚಳಕ ಮಾವಾ!" ಎಂದು ಕೇಕೆ ಹಾಕುತ್ತಾರೆ. ಅವನು ತಲೆಯೆತ್ತುವುದಿಲ್ಲ, ತನ್ನ ಬೆನ್ನ ಹಿಂದೆ ಮಾತ್ರ ಯಾರನ್ನೂ ನಿಲ್ಲಗೊಡುವುದಿಲ್ಲ.